ವೀಕೆಂಡ್ ತಾಯಿಗೆ

೧೨ ನವೆಂಬರ್, ಮಂಗಳವಾರ
ಮಧ್ಯಾಹ್ನ

ಪ್ರೀತಿಯ ಅಕ್ಕ,

ಸಿಟ್ಟಾಗಿರುತ್ತೀಯ, ಗೊತ್ತು. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಇವತ್ತು ಬರೆಯೋಣ, ನಾಳೆ ಬರೆಯೋಣ ಅಂದುಕೊಳ್ಳುತ್ತಲೇ ಉಳಿದೆ. ಬೈಯಬೇಕೆನಿಸಿದರೆ ಈಗಲೇ ಬೈದುಬಿಡು, ಆಮೇಲೆ ಮುಂದಕ್ಕೆ ಓದು. ಭಾವನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂದರೆ ಕೇಳುವ ಪೈಕಿಯಲ್ಲ ಅವರು. ನನ್ನ ಹೆಸರು ಹೇಳಿ ಒಂದು ಸಲ ಗದರಿಸು.

ಕೇಸು ಏನಾಯಿತು ಅಂತ ಕೇಳಿದ್ದೀಯ. ಮುಗಿಯಿತು. ನನ್ನ ಮಗಳು, ನೀನೇ ಹೆಸರಿಟ್ಟ ನಿನ್ನ ಮೆಣಸು, ಇನ್ನು ಮುಂದೆ ಅವಳ ಅಪ್ಪನ ಮನೆಯಲ್ಲಿ. ಎರಡನೇ ಕ್ಲಾಸಿನ ಹುಡುಗಿ, ಸ್ಕೂಲು ಅಲ್ಲೇ ಪಕ್ಕದಲ್ಲಿದೆ, ನೋಡಿಕೊಳ್ಳಲು ಅಜ್ಜಿ ಇದ್ದಾರೆ ಅಂತ. ಹೆತ್ತವಳಿಗೆ ಏನು ಅಂದರೆ, "ವೀಕೆಂಡ್ ತಾಯಿಗೆ" ಅಂದರು ಜಡ್ಜು. ಅಷ್ಟೇ, ಎರಡೇ ಮಾತು. ಆಮೇಲೆ ಇಬ್ಬರು ವಕೀಲರೂ ನಿಂತು ವಾದ ಶುರುವಿಟ್ಟುಕೊಂಡರು ನೋಡು! ವೀಕೆಂಡ್ ಅನ್ನುವುದು ಶುಕ್ರವಾರ ಸ್ಕೂಲು ಬಿಟ್ಟಾಗಿನಿಂದಲೋ, ಶನಿವಾರ ಬೆಳಗಾದ ಮೇಲೋ? ಭಾನುವಾರ ರಾತ್ರಿ ಅದರಲ್ಲಿ ಸೇರುತ್ತೋ ಇಲ್ಲವೋ? ಒಳ್ಳೆ ಪರೀಕ್ಷೆಗೆ ಓದಿಕೊಂಡು ಬಂದವರ ಹಾಗೆ ಕಿತ್ತಾಡಿದರು. ಕೊನೆಗೆ ಶನಿವಾರ ಬೆಳಗ್ಗೆಯಿಂದ ಭಾನುವಾರ ಸಂಜೆಯವರೆಗೆ ಅಂತ ಇತ್ಯರ್ಥವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಹೋಟೆಲ್ಲಿನ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳಿಗೆ ವೀಕೆಂಡ್ ಯಾವಾಗ ಶುರುವಾಗುತ್ತದೆ ಅಂತ.

ಶುಕ್ರವಾರ ಮಧ್ಯಾಹ್ನ ಶುರು ಅಕ್ಕ. ರೂಮುಗಳೆಲ್ಲ ಒಟ್ಟಿಗೆ ತುಂಬುತ್ತವೆ. ಬೆಡ್‌ಶೀಟು, ಟವೆಲ್ಲು, ದಿಂಬಿನ ಕವರು ತುಂಬಿದ ಚೀಲಗಳು ನೆಲಮಾಳಿಗೆಗೆ ಧಪಧಪ ಬಂದು ಬೀಳುತ್ತವೆ. ಮೇಲೆ ಕೌಂಟರಿನ ಹುಡುಗಿ ಬಂದವರಿಗೆಲ್ಲ ನಗುನಗುತ್ತಾ "ಹ್ಯಾಪಿ ವೀಕೆಂಡ್" ಅನ್ನುತ್ತಾಳೆ. ಕೆಳಗೆ ನಾವು ಅದೇ ಪದವನ್ನು ಹಲ್ಲು ಕಚ್ಚಿ ಅನ್ನುತ್ತೇವೆ. "ವೀಕೆಂಡ್ ಬಂತಲ್ಲಪ್ಪಾ" ಅಂತ ಒಬ್ಬಳು ಅಂದರೆ ಸಾಕು, ಉಳಿದವರೆಲ್ಲ ಸೊಂಟಕ್ಕೆ ಬಟ್ಟೆ ಬಿಗಿಯುತ್ತಾರೆ. ಸೋಮವಾರದವರೆಗೆ ಯಾರಿಗೂ ರಜೆಯಿಲ್ಲ. ಜ್ವರ ಬರುವುದಿದ್ದರೂ ಮಂಗಳವಾರವೇ ಬರಬೇಕು.

ಆದರೂ ಸೂಪರ್‌ವೈಸರ್ ಮುಂದೆ ಹೋಗಿ ನಿಂತೆ. ಕೋರ್ಟು ಹೇಳಿದ್ದನ್ನು ಬಿಡಿಸಿ ಹೇಳಿದೆ. ಕೆಟ್ಟವರೇನಲ್ಲ ಅವರು, ಕೂರಿಸಿ ನೀರು ಕೊಟ್ಟರು. "ಊರಿಗೆಲ್ಲ ರಜಾ ಇದ್ದಾಗ್ಲೇ ಅಲ್ವೇನಮ್ಮಾ ನಮಗೆ ಕೆಲಸ? ನಿಂಗೆ ಕೊಟ್ರೆ ನಾಳೆ ಎಲ್ರೂ ಮಕ್ಕಳ ಹೆಸರು ಹೇಳ್ಕೊಂಡು ಬರ್ತಾರೆ. ಮಂಗಳವಾರ ಕೇಳು, ಬೇಡ ಅಂದ್ರೂ ಕೊಡ್ತೀನಿ" ಅಂದರು. ಮಂಗಳವಾರ ನನ್ನ ವಾರದ ರಜೆ. ಸರಿ, ಮಂಗಳವಾರವೇ ಮಗುವನ್ನು ಕಳಿಸು ಅಂತ ಅವಳ ಅಪ್ಪನನ್ನು ಬೇಡಿಕೊಂಡೆ. "ಅವತ್ತು ಸ್ಕೂಲಿರತ್ತಲ್ವಾ? ಅವಳ ಓದು ಹಾಳು ಮಾಡ್ಬೇಕಾ?" ಅಂದ. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ನಿಜ ಹೇಳುವವನ ಹತ್ತಿರ ಏನಂತ ಜಗಳವಾಡುವುದು?

ಕೆಲಸ ಬಿಡು ಅನ್ನುತ್ತೀಯ. ವಕೀಲರಿಗೂ ಅದನ್ನೇ ಹೇಳಿದೆ. ಅವರು ಹೌಹಾರಿಬಿಟ್ಟರು. "ಕೆಲಸ ಇದೆ, ಬಾಡಿಗೆಗೆ ಹಿಡಿದ ಮನೆ ಇದೆ ಅಂತ ತೋರಿಸಿದ್ದಕ್ಕೇ ಇಷ್ಟಾದ್ರೂ ಸಿಕ್ಕಿದ್ದು. ಬಿಟ್ರೆ ಅದೂ ಹೋಗತ್ತೆ, ಹುಷಾರು" ಅಂದರು. ಬೇರೆ ಕಡೆ ಸೇರೋಣ ಅಂತ ಊರೆಲ್ಲ ಸುತ್ತಿದೆ. ನನಗೆ ಬರುವುದು ಒಗೆಯುವುದು, ಇಸ್ತ್ರಿ ಹಾಕುವುದು. ಅದು ಬೇಕಾಗಿರುವುದು ಹೋಟೆಲ್ಲಿನವರಿಗೆ, ಛತ್ರದವರಿಗೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ವೀಕೆಂಡ್ ಬರ್ತೀರಾ ತಾನೆ?" ಮಗು ಬೇಕಾದರೆ ಕೆಲಸ ಇರಬೇಕು. ಕೆಲಸ ಇದ್ದರೆ ಮಗು ಬರುವ ದಿನ ನಾನು ಮನೆಯಲ್ಲಿರುವುದಿಲ್ಲ. ಯಾವ ಕಡೆ ತಿರುಗಿದರೂ ಗೋಡೆಯೇ ಕಾಣುತ್ತದೆ ಅಕ್ಕ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಹಾಗಂತ ಅವಳು ಬರುವುದು ನಿಂತಿರಲಿಲ್ಲ. ಪ್ರತಿ ಶನಿವಾರ ಅವಳಪ್ಪ ತಂದು ಬಿಡುತ್ತಿದ್ದ. ನಾನು ಬಾಗಿಲಲ್ಲೇ ಒಂದು ಸಲ ಅಪ್ಪಿಕೊಂಡು, ಎದುರುಮನೆ ಟೈಲರಮ್ಮನ ಕೈಗೊಪ್ಪಿಸಿ ಓಡುತ್ತಿದ್ದೆ. ಅಲ್ಲಿ ಕೂತು ಬಟ್ಟೆಚೂರು ಜೋಡಿಸುತ್ತಾ ಅವರ ತಲೆ ತಿನ್ನುತ್ತಿದ್ದಳಂತೆ. "ಬ್ಲೌಸ್ ಯಾಕೆ ಹಿಂದೆ ಇಷ್ಟು ಹರಿದಿದೆ, ಹೊಲಿಯೋಕೆ ಮರೆತ್ರಾ ಅಂತ ಗಿರಾಕಿ ಮುಂದೆನೇ ಕೇಳ್ತಾಳಲ್ರೀ ನಿಮ್ಮ ಮಗಳು!" ಅಂತ ಟೈಲರಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಊಟಕ್ಕಿಟ್ಟು, ತಲೆ ಬಾಚಿ, ಇನ್ನು ಸುಖವಾಗಿ ಮಾತಾಡೋಣ ಅಂತ ಪಕ್ಕಕ್ಕೆ ಎಳೆದುಕೊಂಡರೆ ನನಗೇ ಕಣ್ಣು ಎಳೆಯುತ್ತಿತ್ತು. ನಾನು ಹೇಳುವ ಕಥೆಯಲ್ಲಿ ರಾಜಕುಮಾರಿ ಹೋಗಿ ಬೆಡ್‌ಶೀಟು ಮಡಚುತ್ತಿದ್ದಳಂತೆ. "ಅಮ್ಮಾ, ನೀನು ನಿದ್ದೇಲಿ ಹೇಳ್ತಿದ್ದೀಯ" ಅಂತ ನಗುತ್ತಿದ್ದಳು. ಮೊದಲು ನಿದ್ದೆ ಹೋಗುತ್ತಿದ್ದವಳು ನಾನೇ. ಬೆಳಗ್ಗೆ ನೋಡಿದರೆ ಹೊದಿಕೆಯೆಲ್ಲ ನನ್ನ ಮೇಲಿರುತ್ತಿತ್ತು, ಅವಳು ಹೊದಿಯದೆ ಮುದುಡಿಕೊಂಡಿರುತ್ತಿದ್ದಳು. ಎಬ್ಬಿಸದೆ, ಟೈಲರಮ್ಮನಿಗೆ ಹೇಳಿ ಮತ್ತೆ ಡ್ಯೂಟಿಗೆ ಹೋಗುತ್ತಿದ್ದೆ. ಭಾನುವಾರ ಸಂಜೆ ನಾನು ಬರುವ ಹೊತ್ತಿಗೆ ಅವನು ಗೇಟಿನ ಹತ್ತಿರ ಕಾಯುತ್ತಿದ್ದ.

ಜಡ್ಜು ಕೊಟ್ಟದ್ದನ್ನು ನಾನು ಕಣ್ಣುಬಿಟ್ಟು ನೋಡಲೇ ಇಲ್ಲ ಅಕ್ಕ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಇವತ್ತು ರಜೆ. ಮನೆ ಗುಡಿಸಿ, ನೀರು ಹಿಡಿದು, ಎಲ್ಲ ಮುಗಿಸಿ ಸುಮ್ಮನೆ ಕೂತಿದ್ದೇನೆ. ಇಲ್ಲಿನ ಸ್ಕೂಲಿನ ಮಕ್ಕಳನ್ನು ಮಧ್ಯಾಹ್ನದ ಊಟಕ್ಕೆ ಬಿಟ್ಟ ಗಲಾಟೆ ರಸ್ತೆಯಿಂದ ಕೇಳುತ್ತಿದೆ. ಈ ರಜೆ ನನಗೆ ಯಾತಕ್ಕೆ, ಸುಡಲಿ.

ನಿನ್ನ ಹುಡುಗರಿಗೆ ಈ ಚಿಕ್ಕಮ್ಮನ ಆಶೀರ್ವಾದ. ಇಬ್ಬರೂ ಚೆನ್ನಾಗಿ ಓದಲಿ, ಅದಕ್ಕಿಂತ ಚೆನ್ನಾಗಿ ಉಣ್ಣಲಿ. ಭಾವನಿಗೆ ನಮಸ್ಕಾರ. ನೀನು ಆರೋಗ್ಯ ನೋಡಿಕೋ. ನನಗೆ ಇರುವವಳು ನೀನೊಬ್ಬಳೇ.

ನಿನ್ನ
ತಂಗಿ

ಮರೆತು ಕೆಳಗೆ ಬರೆಯುತ್ತಿಲ್ಲ. ಬರೆಯಲು ಕೈ ಬರದೆ ಇಲ್ಲಿಗೆ ತಳ್ಳಿದೆ. ಮೊನ್ನೆ ವೀಕೆಂಡ್ ನನಗೆ ರಜೆ ಸಿಕ್ಕಿತ್ತು. ಬಾಯ್ಲರ್ ಕೆಟ್ಟು ಬಟ್ಟೆಯೆಲ್ಲ ಹೊರಗಡೆ ಒಗೆಯಲು ಹೋಯಿತು, ನಮ್ಮನ್ನೆಲ್ಲ ಮನೆಗೆ ಕಳಿಸಿದರು. ಅವನು ಕರೆತರುವವರೆಗೂ ತಡೆಯಲಾರದೆ ನಾನೇ ಅವರ ಮನೆಗೆ ಓಡಿದೆ. ಅವನ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ, ಅವಳ ಚೀಲ ತುಂಬಿಸಿ ಇಟ್ಟಿದ್ದ. "ಡ್ಯೂಟಿ ಇಲ್ವಾ ಅಮ್ಮಾ?" ಅಂದಳು. "ಇಲ್ಲ ಕಂದಾ, ಎರಡು ದಿನಾನೂ ರಜಾ!" ಅಂದೆ. ಮುಖ ಅರಳಿತು. ಆಮೇಲೆ ಏನೋ ಯೋಚಿಸಿ ಚೀಲ ಕೆಳಗಿಟ್ಟಳು. "ಹಾಗಾದ್ರೆ ನಾನು ಬರಲ್ಲಮ್ಮ. ವೀಕೆಂಡ್ ಅಂದ್ರೆ ರೆಸ್ಟ್ ತಗೊಳ್ಳೋದು ಅಂತ ನಮ್ ಮಿಸ್ ಹೇಳಿದಾರೆ. ನೀನು ಒಂದ್ಸಲಾನೂ ತಗೊಂಡೇ ಇಲ್ಲ. ನಾನು ಬಂದ್ರೆ ಪಾಪ ಕಷ್ಟಪಟ್ಟು ಎದ್ದಿರ್ತೀಯ. ಹೋಗಿ ಮಲ್ಕೋ. ಇನ್ಮೇಲೂ ಹಾಗೇ ಮಾಡು." ಎಷ್ಟು ಅಂಗಲಾಚಿದರೂ ಕೇಳಲಿಲ್ಲ, ಗಲ್ಲ ಸವರಿ ನನ್ನನ್ನೇ ಸಮಾಧಾನ ಮಾಡಿದಳು. ಎಳೆದುಕೊಂಡು ಬರಬಹುದಿತ್ತು, ಕೋರ್ಟಿನ ಮಾತು ನನ್ನ ಕಡೆಗಿತ್ತು. ಕೈ ಏಳಲಿಲ್ಲ. ಮನೆಗೆ ಬಂದು ಅವಳು ಹೇಳಿದ ಹಾಗೇ ಎರಡು ದಿನವೂ ಮಲಗಿದ್ದೆ ಅಕ್ಕ. ನಿದ್ದೆ ಬರಲಿಲ್ಲ.