ಏಡಿಯ ನಡಿಗೆ

ಇಸ್ತಾಪಲಾಪಾ, ಮೆಕ್ಸಿಕೋ ನಗರ
ನವೆಂಬರ್ ೧೨, ಮಂಗಳವಾರ

ನನ್ನ ಮೊಂಡು ಅಮ್ಮನಿಗೆ,

ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಇಟ್ಟುಬಿಡುತ್ತೀಯ. ಕಾಗದವನ್ನು ಅರ್ಧಕ್ಕೆ ಬಿಡುವುದು ನಿನ್ನಿಂದಾಗದು, ನಿನ್ನ ಕುತೂಹಲ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನನ್ನು ಮನೆಯಲ್ಲಿ ಇಟ್ಟುಕೊಂಡಿರುವ ಓಫೇಲಿಯಾ ಚಿಕ್ಕಮ್ಮನ ಎರಡು ಕೆನ್ನೆಗೂ ನನ್ನ ಮುತ್ತು ಕೊಡು.

ಮೊದಲು ವಿಷಯ ಹೇಳಿಬಿಡುತ್ತೇನೆ. ಈ ತಿಂಗಳ ಕೊನೆಯ ಶನಿವಾರ ತಿಹುವಾನಾದ ಬ್ರಿಸೇಯ್ದಾ ಜೊತೆ ನನ್ನ ಬಾಕ್ಸಿಂಗ್ ಪಂದ್ಯ. ನೀನು ವಾಪಸ್ಸು ಬಂದು ರಿಂಗಿನಲ್ಲಿ ನನ್ನ ಮೂಲೆಯಲ್ಲಿ ನಿಲ್ಲಬೇಕು.

ಹಿಂದಿನ ಪಂದ್ಯವನ್ನು ನಾನು ಗೆದ್ದೆ. ತೀರ್ಪಿಗೂ ಕಾಯದೆ ನೀನು ಎದ್ದುಹೋದೆ. ಆರನೇ ಸುತ್ತಿನಲ್ಲಿ ನಾನು ಹಿಂದೆ ಸರಿದೆನೆಂದು ಸಿಟ್ಟು. ಜನ ಕೂಗಿದ್ದು ನನಗೂ ಕೇಳಿಸಿತ್ತು: "ಏನಮ್ಮಾ, ಕುಣಿಯೋಕೆ ಬಂದಿದೀಯಾ? ವಾದ್ಯದೋರನ್ನ ಕರೆಸ್ಬೇಕಾ?" ಮನೆಗೆ ಬಂದರೆ ನೀನು ಬಟ್ಟೆ ತುಂಬಿಕೊಳ್ಳುತ್ತಾ, ನನ್ನ ಮುಖ ಕೂಡ ನೋಡದೆ ಅಂದೆ: "ಹಿಂದಕ್ಕೆ ನಡೆಯೋದು ಏಡಿ ಕಣೇ. ನನ್ನ ಹೊಟ್ಟೇಲಿ ಏಡಿ ಯಾವಾಗ ಹುಟ್ತೋ ಕಾಣೆ."

ಅದಕ್ಕೆ ಉತ್ತರ ಈಗ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ ಬೈಯುತ್ತಾರೆ, ಆದರೆ ಸಮುದ್ರ ಕಂಡವರು ಯಾರೂ ಇಲ್ಲ. ಏಡಿ ಹಿಂದಕ್ಕೆ ನಡೆಯುವುದಿಲ್ಲ ಅಮ್ಮ. ಅಡ್ಡಕ್ಕೆ ನಡೆಯುತ್ತದೆ. ನನ್ನ ವಾದವೆಲ್ಲ ಇಷ್ಟೇ.

ಮುನ್ನುಗ್ಗಿ ಹೊಡೆಯುವವರೆಲ್ಲ ಒಂದೇ ಎಂದು ಟಿಕೆಟ್ ಕೊಂಡವರು ತಿಳಿದಿದ್ದಾರೆ. ನಿನ್ನ ಪಂದ್ಯಗಳ ಹಳೆಯ ವಿಡಿಯೋವನ್ನು ಟೇಪು ಸವೆಯುವಷ್ಟು ನೋಡಿದವಳು ನಾನು. ಗದ್ದ ಎದೆಗೆ ಒತ್ತಿ, ಎರಡೂ ಕೈ ಕೆನ್ನೆಗೆ ಆನಿಸಿ, ಬಲಗಾಲನ್ನು ಎಳೆಯುತ್ತಾ ಬ್ರೇಕಿಲ್ಲದ ಬಸ್ಸಿನಂತೆ ನೀನು ನೇರ ನಡೆಯುತ್ತೀಯ. ಯಕೃತ್ತಿಗೆ ಒಂದು ಎಡಗೈ ಏಟು ಕೊಡಲು ತಲೆಗೆ ಎರಡು ತಿನ್ನುತ್ತೀಯ. ಎದುರಾಳಿ ಪಕ್ಕಕ್ಕೆ ಹೋದರೆ ನೀನು ಅವಳ ಬೆನ್ನು ಹಿಡಿದು ಹೋಗುತ್ತೀಯ. ಬ್ರಿಸೇಯ್ದಾ ಕೂಡ ಮುಂದೆ ಬರುವವಳೇ, ಆದರೆ ಬಗ್ಗಿ, ತಲೆ ಆಡಿಸುತ್ತಾ, ಗುಬ್ಬಿಯಂತೆ ಕುಪ್ಪಳಿಸಿ ಎದೆಯೊಳಗೆ ನುಗ್ಗುತ್ತಾಳೆ. ಹೊಡೆದ ಮೇಲೆ ಅವಳ ಎರಡೂ ಪಾದಗಳು ಒಂದೇ ಸಾಲಿಗೆ ಬಂದುಬಿಡುತ್ತವೆ. ಆ ಕ್ಷಣ ಯಾರಾದರೂ ಪಕ್ಕದಲ್ಲಿದ್ದರೆ ಅವಳನ್ನು ಬೆರಳಿನಿಂದ ತಳ್ಳಬಹುದು. ಎದುರಿಗಿದ್ದರೆ ಇಬ್ಬರ ಹಣೆಯೂ ಒಡೆಯುತ್ತದೆ. ಜನಕ್ಕೆ ಬೇಕಾದದ್ದು ಅದೇ.

ಹಿಂಬಾಲಿಸುವುದು ಬೇರೆ, ದಾರಿ ಕಟ್ಟುವುದು ಬೇರೆ. ಎದುರಾಳಿ ಹೊರಟ ದಿಕ್ಕಿಗೆ ನಾನು ಒಂದು ಅಡ್ಡ ಹೆಜ್ಜೆ ಇಡುತ್ತೇನೆ, ಆಮೇಲೆ ಅರ್ಧ ಹೆಜ್ಜೆ ಮುಂದೆ. ರಿಂಗು ಅವಳಿಗೆ ಚಿಕ್ಕದಾಗುತ್ತಾ ಹೋಗುತ್ತದೆ. ಇದನ್ನು ನಾನು ವ್ಯಾಯಾಮಶಾಲೆಯಲ್ಲಿ ಭಾಷಣದಂತೆ ಹೇಳಿದಾಗ ಕೋಚ್ ಎವರಿಸ್ತೋ ನಕ್ಕುಬಿಟ್ಟರು. "ವಕೀಲಮ್ಮಾ, ಕರಪತ್ರ ಆಮೇಲೆ ಹಂಚು. ಮೊದಲು ಆ ಎಡಗಾಲು ಸರಿಯಾಗಿ ಇಡು. ಜನ ರಕ್ತ ನೋಡೋಕೆ ಬರ್ತಾರೆ, ರೇಖಾಗಣಿತ ಕಲಿಯೋಕಲ್ಲ." ನಾನೂ ಬಿಡಲಿಲ್ಲ. "ರಕ್ತ ನೋಡೋದಿದ್ರೆ ಕಟುಕನ ಅಂಗಡಿಗೆ ಹೋಗ್ಲಿ ಕೋಚ್, ಅಲ್ಲಿ ಟಿಕೆಟ್ಟೂ ಇಲ್ಲ" ಅಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ.

ನಾನು ಹಂಚುವ ಹೆಂಗಸರ ಹಕ್ಕಿನ ಕರಪತ್ರಗಳೆಂದರೆ ನಿನಗೆ ತಲೆನೋವು. ಇರಲಿ. ನಿನ್ನ ಕಾಲದಲ್ಲಿ ಈ ನಗರದಲ್ಲಿ ಹೆಂಗಸರ ಬಾಕ್ಸಿಂಗಿಗೆ ನಿಷೇಧವಿತ್ತು. ನೀನು ಬೇರೆ ರಾಜ್ಯಗಳಿಗೆ ಹೋಗಿ ಕೋಳಿ ಅಂಕದ ಕಣಗಳಲ್ಲಿ ಹೊಡೆದಾಡಿದೆ. ಹೆಂಗಸು ಹೆದರುತ್ತಾಳೆ ಅನ್ನುವವರ ಬಾಯಿ ಮುಚ್ಚಿಸಲು ಒಂದು ಹೆಜ್ಜೆಯೂ ಹಿಂದೆ ಇಡಲಿಲ್ಲ. ಅದು ನಿನ್ನ ಹೋರಾಟ, ಅದಕ್ಕೆ ತಲೆಬಾಗುತ್ತೇನೆ. ಆದರೆ ನಮ್ಮ ಧೈರ್ಯವನ್ನು ನಮ್ಮ ತಲೆಯ ಏಟುಗಳಿಂದಲೇ ಅಳೆಯುವವರಿಗೆ ನಾವು ಇನ್ನೂ ಎಷ್ಟು ದಿನ ಸಾಕ್ಷಿ ಕೊಡಬೇಕು?

ಇನ್ನೊಂದು ಮಾತು, ಸಿಟ್ಟಾಗಬೇಡ. ಈ ಹೆಜ್ಜೆಯನ್ನು ನನಗೆ ಕಲಿಸಿದವಳು ನೀನೇ. ಹೇನು ತೆಗೆಯಲು ನೀನು ಬಾಚಣಿಗೆ ಹಿಡಿದರೆ ನಾನು ಅಡುಗೆಮನೆಯಲ್ಲಿ ಮೇಜಿನ ಸುತ್ತ ಓಡುತ್ತಿದ್ದೆ. ನೀನು ಒಂದು ದಿನವೂ ನನ್ನ ಹಿಂದೆ ಓಡಿದವಳಲ್ಲ. "ಓಡು ಮಗಳೇ, ಓಡು" ಅನ್ನುತ್ತಾ ಪಕ್ಕಕ್ಕೆ ಒಂದೇ ಹೆಜ್ಜೆ ಇಡುತ್ತಿದ್ದೆ. ನೋಡಿದರೆ ಬಾಗಿಲೇ ಇಲ್ಲ, ನಿನ್ನ ಏಪ್ರನ್ ಮಾತ್ರ. ರಿಂಗಿನಲ್ಲಿ ಯಾಕೆ ಹಾಗೆ ಆಡಲಿಲ್ಲ ಅಮ್ಮ? ನೋಡುವವರು ಯಾರೂ ಇಲ್ಲದ ಕಡೆ ನೀನು ನಿಜವಾದ ಚಾಂಪಿಯನ್ ಆಗಿದ್ದೆ.

ಬಾ. ನೀನಿಲ್ಲದೆ ಕಾಫಿಗೆ ದಾಲ್ಚಿನ್ನಿ ಎಷ್ಟು ಹಾಕಬೇಕೆಂದೇ ತಿಳಿಯುತ್ತಿಲ್ಲ, ಕಷಾಯ ಕುಡಿದ ಹಾಗಾಗುತ್ತದೆ. ಬಂದು ಬೈದುಕೊಂಡೇ ನನ್ನ ಕೈಗೆ ಪಟ್ಟಿ ಸುತ್ತು.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ಏಡಿ,
ಎರಂದಿ

ತಾ.ಕ.: ಮೇಲಿನ ರೇಖಾಗಣಿತ ಸುಳ್ಳಲ್ಲ. ಆದರೆ ಆರನೇ ಸುತ್ತಿನಲ್ಲಿ ಅದು ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಹಗ್ಗದ ಬಳಿ ತಿರುಗಿದಾಗ ನೀನು ನನ್ನ ಕಣ್ಣಿಗೆ ಬಿದ್ದೆ. ಎಲ್ಲರೂ ಎದ್ದು ಕೂಗುತ್ತಿದ್ದರು, ನೀನೊಬ್ಬಳೇ ಕೂತಿದ್ದೆ. ನಡುಗುತ್ತಿದ್ದ ಎಡಗೈಯನ್ನು ಬಲಗೈಯಿಂದ ತೊಡೆಗೆ ಅದುಮಿ ಹಿಡಿದಿದ್ದೆ. ನಾನು ನೋಡಿದ್ದು ಗೊತ್ತಾಗಿ ಎರಡನ್ನೂ ಶಾಲಿನ ಒಳಗೆ ಎಳೆದುಕೊಂಡೆ. ಆಮೇಲೆ ನನ್ನ ಕಾಲು ಮುಂದಕ್ಕೆ ಬರಲಿಲ್ಲ. ನೀನು ಊರು ಬಿಟ್ಟದ್ದು ನನ್ನ ಹೆಜ್ಜೆಗಾಗಿ ಅಲ್ಲ, ನಾನು ಆ ಕೈಯನ್ನು ಕಂಡುಬಿಟ್ಟೆನಲ್ಲ, ಅದಕ್ಕೆ. ನರರೋಗದ ವೈದ್ಯೆಯೊಬ್ಬರ ಹತ್ತಿರ ಮಾತಾಡಿದ್ದೇನೆ, ಮುಂದಿನ ವಾರ ಗುರುವಾರ ನಿನ್ನನ್ನು ನೋಡುತ್ತಾರಂತೆ. ಪಂದ್ಯಕ್ಕೆ ನೀನು ಬಾರದಿದ್ದರೂ ಸರಿ, ನನ್ನ ಜೊತೆ ಮಾತು ಬಿಟ್ಟರೂ ಸರಿ. ಗುರುವಾರಕ್ಕೆ ಮಾತ್ರ ಬಾ. ಆ ಕೋಣೆಯಲ್ಲಿ ನಿನ್ನ ಮೂಲೆಯಲ್ಲಿ ನಾನು ನಿಂತಿರುತ್ತೇನೆ.