ಬೈಯದ ಗಿರಾಕಿಗಳು

ಉರ್ವ, ಮಂಗಳೂರು

ಪ್ರೀತಿಯ ಮೊಮ್ಮಗಳು ನಿರೀಕ್ಷಾಳಿಗೆ,

ನೀನು, ಮಗು ಮೋಕ್ಷಾ ಹುಷಾರಾಗಿದ್ದೀರಾ? ನಿನ್ನ ಗಂಡ ದೀಪೇಶನ ಕೆಮ್ಮು ಹೋಯಿತಾ?

ಫಿನ್ಲೆಂಡಿನವರು ನಿನ್ನ ನೀರುದೋಸೆ ತಿಂದು ಮಾತೇ ಆಡದೆ ಹೋಗುತ್ತಾರೆ, ಅಂಗಡಿ ಮುಚ್ಚುತ್ತೇನೆ ಎಂದು ಬರೆದಿದ್ದಿ. ನಮ್ಮ ಮಾರ್ಕೆಟಿನ ಹೋಟೆಲಿನಲ್ಲಿ, "ಎಂತ ಮಾರಾಯ್ತಿ, ಚಟ್ನಿಗೆ ಇವತ್ತು ಉಪ್ಪು ರಜೆಯಾ?" ಎಂದು ನನ್ನನ್ನು ಬೈದವರೇ ಮರುದಿನ ಬರುತ್ತಿದ್ದರು. ಸುಮ್ಮನೆ ಎದ್ದುಹೋದವರು ಮತ್ತೆ ಬರುತ್ತಿರಲಿಲ್ಲ. ಅದನ್ನು ನೋಡಿ ಬೆಳೆದವಳು ನೀನು, ಅಲ್ಲಿಯೂ ಅದೇ ಲೆಕ್ಕ ಹಾಕುತ್ತಿದ್ದೀಯಾ ಎಂದು ನನಗೆ ಅನುಮಾನ. ಅಲ್ಲಿ ಬಸ್ಸಿನಲ್ಲೂ ಯಾರೂ ಮಾತಾಡುವುದಿಲ್ಲ ಎಂದು ನೀನೇ ಹೇಳಿದ್ದಿಯಲ್ಲ?

ಕಿಟಕಿ ಬಳಿ ಒಬ್ಬರೇ ಕೂರುವ ಸಣ್ಣ ಮೇಜು ಇಡು. ಮಾತಿಗೆ ಕಾಯಬೇಡ, ಮುಖ ನೆನಪಿಟ್ಟುಕೋ. ಅದೇ ಮುಖ ಮತ್ತೆ ಬಂದರೆ ದೋಸೆ ಸೇರಿದೆ ಎಂದು ತಿಳಿ.

ಅದು ತಿಳಿಯುವವರೆಗೆ ಅಂಗಡಿಗೆ ಬೀಗ ಹಾಕಬೇಡ. ಆ ಮೇಜಿನಲ್ಲಿ ಯಾರು ಕೂತರು, ಮತ್ತೆ ಬಂದರಾ, ಬೇಗ ಬರೆದು ತಿಳಿಸು.

ನಿನ್ನ ಅಜ್ಜಿ,
ಅಪ್ಪಿ