ಬೆನ್ನಿಗೆ ಎರಡಿಂಚು

ಅತ್ತೆ,

ಕಿಟಕಿ ಪಕ್ಕದ ಮೇಜಿನ ಮೇಲೆ ನಿಮ್ಮ ಹೊಸ ನೀಲಿ ಗೌನಿನ ಪೇಪರ್ ಕಟಿಂಗ್ ಹರಡಿದೀನಿ. ಫ್ಯಾನ್ ಹಾಕಬೇಡಿ, ಹಾರಿಹೋಗುತ್ತೆ.

ಹೋದ ಸಲ ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ನೆಟ್ಟಗೆ ನಿಂತ್ರಲ್ಲ, ಯಾರಿಗೆ ತೋರಿಸೋಕೆ? ಅದಕ್ಕೇ ಆಗ ಹೊಲಿದ ಗೌನು ಹಿಂದೆ ಮೂರಿಂಚು ಮೇಲೇರಿತ್ತು. ನಿನ್ನೆ ನೀವು ಕಿಟಕಿ ಬಿಸಿಲಲ್ಲಿ ತೂಕಡಿಸ್ತಿದ್ದಾಗ ಕದ್ದು ಅಳೆದೆ. ಬೆನ್ನಿನ ಹಾಳೆಗೆ ಎರಡಿಂಚು ಸೇರಿಸಿದೀನಿ, ಮುಂದಿನದ್ದು ಒಂದಿಂಚು ಮಡಚಿದೀನಿ. ಆಮೇಲೆ ನನಗೂ ಜೊಂಪು ಹತ್ತಿತು. ನೀವು ಬಾಗಿಕೊಂಡೇ ಕೆರೆ ದಂಡೆ ಮೇಲೆ ತೇಲ್ತಾ ಹೋದ ಹಾಗೆ ಕಂಡಿತು. ಗೌನಿನ ಅಂಚು ಸುತ್ತಲೂ ನೀರಿನಷ್ಟು ಸಮ.

ಕಾಗದ ಮೈಗಿಟ್ಟು ನೋಡಿ. ಗುಂಡುಪಿನ್ ಜೋಪಾನ. ನೀವು ಹೂಂ ಅಂದ್ರೆ ಸಂಜೆ ಬಟ್ಟೆಗೆ ಕತ್ತರಿ ಹಾಕ್ತೀನಿ.

ಬೆನ್ನು ಬಾಗಿತು ಅಂತ ವರ್ಷದಿಂದ ಹೊಸ್ತಿಲು ದಾಟಿಲ್ಲ ನೀವು. ಭಾನುವಾರ ಕೆರೆ ಕಡೆ ಹೊರಡೋಣ. ನಿಧಾನಕ್ಕೇ ನಡೀರಿ, ನನಗೇನೂ ಅವಸರ ಇಲ್ಲ.

ನಿಮ್ಮ ಸೊಸೆ